ಕಾಗಿಹಳ್ಳದ ಹನ್ನೆರಡನೇ ಸ್ಯಾಂಪಲ್

ನವೆಂಬರ್ 12, 2024, ಮಂಗಳವಾರ

ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ ಕೇಳಬೇಕು. ಇದು ಕಲ್ಲುಗಳ ಬಗ್ಗೆ ಬರೆಯಲು ಡಿಪಾರ್ಟ್‌ಮೆಂಟಿನವರು ಕೊಟ್ಟ ಫೀಲ್ಡ್ ನೋಟ್‌ಬುಕ್. ಸ್ವಂತ ವಿಷಯ ಬರೆಯಕೂಡದು ಎಂದು ಮೊದಲ ಪುಟದಲ್ಲೇ ಅಚ್ಚು ಹಾಕಿದ್ದಾರೆ. ಅದಕ್ಕೇ ತಲೆಕೆಳಗು ಮಾಡಿ ಹಿಂದಿನ ಪುಟದಿಂದ ಶುರು ಮಾಡಿದ್ದೇನೆ. ಯಾರಾದರೂ ಕೇಳಿದರೆ ರಫ್ ವರ್ಕ್ ಅನ್ನುತ್ತೇನೆ. ಆರನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳು ನಾನು, ಬಚ್ಚಿಡುವುದನ್ನು ಯಾರೂ ಹೇಳಿಕೊಡಬೇಕಿಲ್ಲ.

ಎಂಎಸ್ಸಿ ಜಿಯಾಲಜಿ, ಮೊದಲ ವರ್ಷ. ನಮ್ಮ ವಾಣಿಶ್ರೀ ಮೇಡಂಗೆ ಯಾವುದೋ ಕಂಪನಿ ಪ್ರಾಜೆಕ್ಟ್ ಕೊಟ್ಟಿದೆ: ಉಚ್ಚಂಗಿದುರ್ಗದ ಆಚೆ, ದಿನಕ್ಕೊಂದೇ ಬಸ್ಸು ಬರುವ ಹದ್ದಿನಗುಡ್ಡದಲ್ಲಿ ಚಿನ್ನ, ಬೆಳ್ಳಿ ಇದೆಯೇ ನೋಡಿ ಹೇಳಬೇಕು. ಮೇಡಂ ಬಂದಿಲ್ಲ. ಮೇಡಂಗೆ ಮೀಟಿಂಗ್. ಬಂದಿರುವುದು ಪಿಎಚ್‌ಡಿ ಸ್ಕಾಲರ್ ಜಂಬುನಾಥ ಸರ್, ಮತ್ತು ಅವರ ಸಾಮಾನು ಹೊರಲು ನಾನು. ಸರ್ ಸೊಂಟಕ್ಕೆ ಸುತ್ತಿಗೆ ಸಿಕ್ಕಿಸಿಕೊಂಡು ಓಡಾಡುತ್ತಾರೆ. ಆ ಸುತ್ತಿಗೆ ಇವತ್ತಿನವರೆಗೆ ಮುಟ್ಟಿದ್ದು ಒಂದು ಬೇವಿನ ಮರವನ್ನು, ಅದೂ ಫೋಟೋಗಾಗಿ ಒರಗಿ ನಿಂತಾಗ. ನನಗೆ ಹೆಸರಿಲ್ಲ. ‘ಏನಮ್ಮಾ ಫಸ್ಟ್ ಇಯರ್’ ಅನ್ನುತ್ತಾರೆ.

ಉಳಿದುಕೊಂಡಿರುವುದು ಊರ ಶಾಲೆಯ ಹಳೆಯ ಕೋಣೆಯಲ್ಲಿ. ಅಡುಗೆಗೆ, ಮರಳು ಹೊರುವುದಕ್ಕೆ ಒಬ್ಬ ಹೆಂಗಸನ್ನು ಗೊತ್ತು ಮಾಡಿದ್ದಾರೆ, ಹೆಸರು ಅಂಜಿನಕ್ಕ. ಗಂಡ ಹೊಸಪೇಟೆಯಲ್ಲಿ ಸೆಕ್ಯೂರಿಟಿ ಕೆಲಸದಲ್ಲಿದ್ದಾನಂತೆ. ನಾನು ‘ಸ್ವಲ್ಪ ಬಿಸಿನೀರು ದೊರೆಯುತ್ತದೆಯೇ’ ಎಂದು ಕೇಳಿದ್ದಕ್ಕೆ ಆ ಹೆಂಗಸು ಬಾಯಿಗೆ ಸೆರಗು ಹಿಡಿದು ನಕ್ಕಿತು. “ಯಾವೂರಾಕಿ ಯವ್ವಾ ನೀನು? ರೇಡಿಯೋದಾಗ ಬಂದಂಗ ಮಾತಾಡ್ತಿ.”

ಇಲ್ಲೇ ಪಕ್ಕದ ಸೀಮೆಯ ತಂಬ್ರಹಳ್ಳಿಯವಳು ಅಂತ ಹೇಳಲಿಲ್ಲ. ಹೇಳಿದ್ದರೆ ಇನ್ನೂ ನಗುತ್ತಿತ್ತು.

ನವೆಂಬರ್ 14

ಕೆಲಸ ಏನೆಂದರೆ: ಗುಡ್ಡದ ತುಂಬ ಕೆಂಪು, ಕಪ್ಪು ಪಟ್ಟೆಯ ಕಬ್ಬಿಣದ ಕಲ್ಲು. ನಡುನಡುವೆ ಬಿಳಿ ಬೆಣಚುಕಲ್ಲಿನ ಎಳೆಗಳು. ಚಿನ್ನ ಇದ್ದರೆ ಆ ಬಿಳಿ ಎಳೆಗಳಲ್ಲಿ ಇರಬೇಕು. ಮಳೆಗೆ ಗುಡ್ಡ ಸವೆಯುತ್ತದೆ, ಪುಡಿ ಹಳ್ಳಕ್ಕೆ ಇಳಿಯುತ್ತದೆ. ಹಳ್ಳದ ಮರಳನ್ನು ಅಗಲ ತಟ್ಟೆಯಲ್ಲಿ ನೀರಾಡಿಸಿ ತೊಳೆದರೆ ಹಗುರಾದದ್ದು ಹರಿದುಹೋಗಿ, ಭಾರದ ಕರಿಪುಡಿ ತಳದಲ್ಲಿ ಉಳಿಯುತ್ತದೆ. ಅದನ್ನು ನಂಬರು ಬರೆದು ಲ್ಯಾಬಿಗೆ ಕಳಿಸಬೇಕು. ಇನ್ನೂರೈವತ್ತು ಕೋಟಿ ವರ್ಷದ ಗುಡ್ಡ, ಅದನ್ನು ತಟ್ಟೆಯಲ್ಲಿ ಆಡಿಸುವವಳು ಇಂಟರ್ನಲ್ ಮಾರ್ಕ್ಸಿಗೆ ಹೆದರುವ ನಾನು.

ತಟ್ಟೆ ಎಂದರೆ ಡಿಪಾರ್ಟ್‌ಮೆಂಟಿನ ಹಸಿರು ಪ್ಯಾನ್. ವಿದೇಶದ್ದು, ಒಂದೇ ಒಂದು. ಮೇಡಂ ಅದನ್ನು ಬೀರುವಿನಿಂದ ತೆಗೆದುಕೊಡುವಾಗ ನನ್ನ ಸಹಿ ಹಾಕಿಸಿಕೊಂಡರು.

ನನಗೆ ಬರುವುದಿಲ್ಲ. ಆಡಿಸಿದರೆ ಎಲ್ಲವೂ ಒಟ್ಟಿಗೆ ಹೋಗುತ್ತದೆ. ಅಂಜಿನಕ್ಕ ದಡದ ಮೇಲೆ ಕೂತು ಒಂದಿಷ್ಟು ಹೊತ್ತು ನೋಡಿದಳು.

“ಇದೇನ್ ದೊಡ್ಡ ವಿದ್ಯೇನವ್ವಾ? ಅಕ್ಕ್ಯಾಗಿನ ಹಳ್ಳು ಜಾಲಿಸಿದಂಗ. ಕೊಡಿಲ್ಲಿ. ಹಂಗ ಬಿಗಿ ಹಿಡೀಬಾರ್ದು, ನೀರಿಗಿ ಬಿಡ್ಬೇಕು.”

ನಾಲ್ಕು ಸಲ ತಿರುಗಿಸಿದಳು. ತಳದಲ್ಲಿ ಕಾಡಿಗೆ ಗೆರೆ ಎಳೆದಂತೆ ಕರಿಪುಡಿ ನಿಂತಿತು. ಟೆಕ್ಸ್ಟ್‌ಬುಕ್ಕಿನಲ್ಲಿ ಇದಕ್ಕೆ ಹನ್ನೊಂದು ಪುಟ ಇದೆ. ಈ ಹೆಂಗಸಿಗೆ ಎರಡು ಮಾತಿನಲ್ಲಿ ಮುಗಿಯಿತು. ಅದೃಷ್ಟ ಅಷ್ಟೇ, ವಿದ್ಯೆ ಏನಲ್ಲ.

ನವೆಂಬರ್ 17

ಪ್ಯಾನ್ ಹೋಯಿತು.

ಹನ್ನೊಂದನೇ ಸ್ಯಾಂಪಲ್ ಮುಗಿಸಿ ಬಂಡೆಯ ಮೇಲೆ ಇಟ್ಟಿದ್ದೆ. ಕಾಲು ಜಾರಿ ನಾನೇ ಅದರ ಮೇಲೆ ಬಿದ್ದೆ. ವಿದೇಶದ್ದು ಹಪ್ಪಳದ ಹಾಗೆ ನಾಲ್ಕು ತುಂಡಾಯಿತು. ಮೊಣಕಾಲು ತರಚಿದ್ದು ಆಮೇಲೆ ಗೊತ್ತಾಯಿತು. ಮೊದಲು ಕಂಡದ್ದು ನನ್ನ ಸಹಿ.

ಜಂಬುನಾಥ ಸರ್ ನೋಡಲಿಲ್ಲ. ಅವರು ಮರದ ಕೆಳಗೆ ವಿಡಿಯೋ ನೋಡುತ್ತಿದ್ದರು. ಹೇಳಿದರೆ ಮೇಡಂಗೆ ಫೋನು ಹೋಗುತ್ತದೆ, ಪ್ರಾಜೆಕ್ಟಿನಿಂದ ನನ್ನ ಹೆಸರು ಹೋಗುತ್ತದೆ. ಅಪ್ಪ ತನ್ನ ಬಸ್ ಡಿಪೋದಲ್ಲಿ ಎಲ್ಲರಿಗೂ ‘ನಮ್ಮ ರಮಾ ಬಂಗಾರ ಹುಡುಕಾಕ ಹೋಗ್ಯಾಳ’ ಎಂದು ಹೇಳಿಕೊಂಡು ತಿರುಗುತ್ತಿದ್ದಾನೆ.

ಅಂಜಿನಕ್ಕ ತುಂಡುಗಳನ್ನು ಆರಿಸಿ ಸೆರಗಿನಲ್ಲಿ ಮುಚ್ಚಿಕೊಂಡಳು. “ಯಾಕ ಸಾಯ್ತಿ? ಕೊಟ್ಟೂರಾಗ ಮೌಲಾಸಾಬ ಅದಾನ. ಅಕ್ಕಸಾಲ್ಯಾರ ಓಣ್ಯಾಗಿನ ಮಣ್ಣು ತೊಳೀತಾನ. ಅವನ ಹಂತ್ಯಾಕ ಮರಿಗಿ ಐತಿ, ಇಸ್ಕೊಂಡು ಬಾ.”

ನವೆಂಬರ್ 18

ಮೈಕೈ ನೋವು ಎಂದು ಸುಳ್ಳು ಹೇಳಿ ಕೊಟ್ಟೂರಿಗೆ ಹೋಗಿ ಬಂದೆ.

ಮೌಲಾಸಾಬ್ ಎಂಬ ಮುದುಕ ಅಕ್ಕಸಾಲಿಗರ ಅಂಗಡಿಗಳ ಕಸ, ಮೆಟ್ಟಿಲ ಧೂಳು, ಚರಂಡಿಯ ಕೆಸರು ಎಲ್ಲವನ್ನೂ ಗುಡಿಸಿ ತಂದು ತೊಳೆದು ಅದರಲ್ಲಿರುವ ಚಿನ್ನ, ಬೆಳ್ಳಿಯ ಪುಡಿ ತೆಗೆಯುತ್ತಾನೆ. ತೊಳೆಯುವುದು ದೋಣಿಯಂತೆ ಕೆತ್ತಿದ ಮರದ ಮರಿಗೆಯಲ್ಲಿ. ಇದೂ ಒಂದು ಕಸುಬು! ನಾನು ಹಳ್ಳದ ಮರಳು ತೊಳೆಯಬೇಕು ಎಂದಾಗ ನಕ್ಕ.

“ಹಳ್ಳದಾಗ ಹುಡುಕ್ತೀರೇನ್ರಿ ಬಂಗಾರ? ಅಕ್ಕಸಾಲ್ಯಾರ ಓಣ್ಯಾಗ ಹುಡುಕು ಬೇಟಿ, ದಿನಾ ಸಿಗ್ತೈತಿ.”

ತನ್ನ ಅಪ್ಪನ ಕಾಲದ್ದು ಎಂದು ಒಂದು ಮರಿಗೆ ತೆಗೆದ. ಮೂರು ಕೊಡ ನೀರು ಹಾಕಿ ನನ್ನೆದುರೇ ತೊಳೆದ. ಮರದ ಬಗ್ಗೆ ಏನೋ ಹೇಳಲು ಶುರು ಮಾಡಿದ. ಬಸ್ಸಿನ ಹೊತ್ತಾಗಿತ್ತು. “ಗೊತ್ತು, ಗೊತ್ತು” ಎಂದು ಎತ್ತಿಕೊಂಡು ಓಡಿದೆ. ಜಿಯಾಲಜಿ ಓದುವವಳಿಗೆ ಕಸ ತೊಳೆಯುವವನ ಲೆಕ್ಚರು!

ಲಾಗ್ ಶೀಟಿನಲ್ಲಿ ‘ಪ್ಯಾನ್: ಸ್ಟ್ಯಾಂಡರ್ಡ್’ ಎಂದೇ ಬರೆದಿದ್ದೇನೆ. ಸರ್‌ಗೆ ಹೊಸದು ಎಂದರೂ ಗೊತ್ತಾಗದು, ಹಳೆಯದು ಎಂದರೂ ಗೊತ್ತಾಗದು.

ನವೆಂಬರ್ 19

ಚಿನ್ನ!!

ಹನ್ನೆರಡನೇ ಸ್ಯಾಂಪಲ್. ಹನ್ನೊಂದರವರೆಗೆ ಗುಡ್ಡದ ಆಚೆ ಬದಿಯ ಹಳ್ಳ; ಇದು ಕಾಗಿಹಳ್ಳದ ಮೇಲ್ತುದಿ, ಅಂಜಿನಕ್ಕನ ಕಡಲೆ ಹೊಲದ ಬದು. ಕರಿಪುಡಿಯ ಅಂಚಿನಲ್ಲಿ ಸೂಜಿಮೊನೆಯಷ್ಟು ಹಳದಿ, ಒಂದಲ್ಲ, ಆರು. ಲೆನ್ಸ್ ಹಿಡಿದು ಎರಡು ಸಲ ಎಣಿಸಿದೆ. ಸರ್ ಮೊದಲ ಬಾರಿ ಮರದ ಕೆಳಗಿನಿಂದ ಓಡಿ ಬಂದರು, ಬಂದವರೇ ಮರಿಗೆಯ ಕಡೆ ನೋಡದೆ ಹಳದಿ ಚುಕ್ಕೆಯೊಂದಿಗೆ ಸೆಲ್ಫಿ ತೆಗೆದುಕೊಂಡರು.

ಹಳ್ಳದಲ್ಲಿ ಕೆಳಗಿನಿಂದ ಮೇಲಕ್ಕೆ ಹೋಗುತ್ತ ಸ್ಯಾಂಪಲ್ ತೆಗೆಯಬೇಕು ಎಂದು ಪುಸ್ತಕದಲ್ಲಿದೆ. ಸರ್‌ಗೆ ಹಾಗೆಂದೆ.

“ಜೀಪ್ ನಿಂತಿರೋದು ಕೆಳಗೆ ಕಣಮ್ಮಾ. ತೊಳೀತಾ ತೊಳೀತಾ ಇಳಿದು ಹೋದ್ರೆ ಆಯ್ತು. ಕಾಲು ನಿಂದಾ ನಂದಾ?”

ವಿಜ್ಞಾನ ಹೀಗೆ ಬೆಳೆಯುತ್ತದೆ, ಸ್ಕಾಲರನ ಮೊಣಕಾಲು ನೋಡಿಕೊಂಡು.

ನವೆಂಬರ್ 23

ಹತ್ತೊಂಬತ್ತಕ್ಕೆ ಮುಗಿಯಿತು. ಕೆಳಗೆ ಇಳಿದಂತೆ ಹಳದಿ ಕಮ್ಮಿಯಾಗುತ್ತ ಬಂತು. ಕೊನೆಯ ಮೂರರಲ್ಲಿ ಕಣ್ಣಿಗೆ ಕಾಣಲೇ ಇಲ್ಲ. ಹೋಗುವ ದಾರಿಯಲ್ಲಿ ಮರಿಗೆ ವಾಪಸ್ ಕೊಟ್ಟೆ.

ಜನವರಿ 3, 2025

ಲ್ಯಾಬ್ ರಿಪೋರ್ಟ್ ಬಂದಿದೆ. ಡಿಪಾರ್ಟ್‌ಮೆಂಟಿನಲ್ಲಿ ಮೈಸೂರುಪಾಕು.

ಒಂದರಿಂದ ಹನ್ನೊಂದು: ಏನೂ ಇಲ್ಲ. ಹನ್ನೆರಡರಲ್ಲಿ ಚಿನ್ನ, ಅದಕ್ಕಿಂತ ಜಾಸ್ತಿ ಬೆಳ್ಳಿ, ಜೊತೆಗೆ ತಾಮ್ರ, ಸ್ವಲ್ಪ ಕ್ಯಾಡ್ಮಿಯಂ. ಹದಿಮೂರರಲ್ಲಿ ಅದರ ಅರ್ಧ. ಹದಿನಾಲ್ಕರಲ್ಲಿ ಅದರರ್ಧ. ಹೀಗೇ ಹತ್ತೊಂಬತ್ತರಲ್ಲಿ ಸೊನ್ನೆಗೆ ಬರುತ್ತದೆ. ಎಲ್ಲಿ ಜಾಸ್ತಿಯೋ ಅಲ್ಲೇ ಮೂಲ, ಅಂದರೆ ಅಂಜಿನಕ್ಕನ ಹೊಲದ ಕೆಳಗೆ. ಜಂಬುನಾಥ ಸರ್ ಕ್ಯಾಡ್ಮಿಯಂ ಒಂದರ ಮೇಲೇ ಹೊಸ ಸಿದ್ಧಾಂತ ಕಟ್ಟಿದ್ದಾರೆ: ಸತುವಿನ ಅದಿರಿನ ಜೊತೆ ಕ್ಯಾಡ್ಮಿಯಂ ಬರುತ್ತದೆ, ಆದ್ದರಿಂದ ಆಳದಿಂದ ಬಿಸಿನೀರು ಉಕ್ಕಿ ಬಂದು ಚಿನ್ನ, ಬೆಳ್ಳಿ, ಸತು ಒಟ್ಟಿಗೆ ಇಟ್ಟುಹೋಗಿದೆ, ನಮ್ಮ ಸೀಮೆಯಲ್ಲಿ ಇಂಥದ್ದು ಇದೇ ಮೊದಲು. ಹದಿನಾಲ್ಕು ಸ್ಲೈಡು. ಮೇಡಂ ಮೂರು ಸಲ ‘ಎಕ್ಸಲೆಂಟ್’ ಅಂದರು. ಕಂಪನಿಯವರು ಹದಿನಾರಕ್ಕೆ ಜೆಸಿಬಿ ಕಳಿಸಿ ಹೊಲದಲ್ಲಿ ಮೂರು ಕಂದಕ ತೋಡಿಸುತ್ತಾರಂತೆ. ರಿಸರ್ಚ್ ಪೇಪರಿನಲ್ಲಿ ನನ್ನ ಹೆಸರು ಮೂರನೆಯದು.

ಮೈಸೂರುಪಾಕು ಗಟ್ಟಿಯಾಗಿತ್ತು. ಆದರೂ ಎರಡು ತಿಂದೆ. ಪ್ಯಾನ್ ಎಲ್ಲಿ ಎಂದು ಇನ್ನೂ ಯಾರೂ ಕೇಳಿಲ್ಲ.

ಜನವರಿ 6

ರೂಂಮೇಟ್ ಅಫ್ರೀನ್ ಹಗರಿಬೊಮ್ಮನಹಳ್ಳಿಯಿಂದ ಸಿಟ್ಟು ಹೊತ್ತುಕೊಂಡು ಬಂದಿದ್ದಾಳೆ. ಅವಳ ಅಮ್ಮೀಯ ಹಳೆಯ ಸರವನ್ನು ಅಂಗಡಿಯವನು ಕೈಯಲ್ಲೂ ಮುಟ್ಟಲಿಲ್ಲವಂತೆ.

“ಕೆಡಿಎಂ ಮಾಲು, ಈಗ ನಡೆಯಂಗಿಲ್ಲ ಅಂತಾನ ಲೇ. ಕೊಡೋ ಮುಂದ ಅವನ ಅಪ್ಪನೇ ಕೊಟ್ಟಿದ್ದು!”

“ಕೆಡಿಎಂ ಅಂದರೇನು?” ಸುಮ್ಮನೆ ಕೇಳಿದೆ, ಬಟ್ಟೆ ಮಡಚುತ್ತ.

“ಬೆಸುಗಿ ಹಾಕಾಕ ಕ್ಯಾಡ್ಮಿಯಂ ಬೆರಸ್ತಿದ್ರಂತ. ಜಿಯಾಲಜಿ ಓದ್ತಿ, ಇಷ್ಟೂ ಗೊತ್ತಿಲ್ಲೇನ್ ಲೇ? ನಿನಗ ಯಾರ್ ಸೀಟು ಕೊಟ್ಟಾರ?”

ಬಟ್ಟೆ ಹಾಗೇ ಬಿತ್ತು.

ಲಾಗ್ ಶೀಟ್ ತೆಗೆದು ನೋಡಿದೆ. ಅದರಲ್ಲಿ ಎಲ್ಲ ಸಾಲಿಗೂ ‘ಸ್ಟ್ಯಾಂಡರ್ಡ್’; ನಿಜ ನನಗೊಬ್ಬಳಿಗೇ ಗೊತ್ತು. ಹನ್ನೊಂದರವರೆಗೆ ಹಸಿರು ಪ್ಯಾನ್, ಸೊನ್ನೆ. ಹನ್ನೆರಡರಿಂದ ಮರಿಗೆ, ಚಿನ್ನ. ಕಮ್ಮಿಯಾಗುತ್ತ ಹೋದದ್ದು ಹಳ್ಳ ಇಳಿದಂತೆ ಅಲ್ಲ. ನಾನು ಮರಿಗೆ ತೊಳೆದಂತೆ. ಸರ್ ಹೇಳಿದ ಹಾಗೆ ಮೇಲಿನಿಂದ ಇಳಿಯುವ ಬದಲು ಪುಸ್ತಕದ ಪ್ರಕಾರ ಕೆಳಗಿನಿಂದ ಹತ್ತಿದ್ದರೆ ‘ಮೂಲ’ ಜೀಪು ನಿಂತ ಜಾಗದಲ್ಲಿ ಸಿಗುತ್ತಿತ್ತು.

ಹಳ್ಳದಲ್ಲಿ ಏನೂ ಇಲ್ಲ. ಇರುವುದು ಕೊಟ್ಟೂರಿನ ಅಕ್ಕಸಾಲಿಗರ ಉದುರು.

ಜನವರಿ 8

ಸರ್‌ಗೆ ಹೇಳಿದೆ. ಎಲ್ಲ ಹೇಳಿದೆ. ಅವರು ಕೂಗಾಡುತ್ತಾರೆ ಅಂದುಕೊಂಡಿದ್ದೆ. ಬಾಗಿಲು ಹಾಕಿ ಬಂದು ಮೆಲ್ಲಗೆ ಮಾತಾಡಿದರು.

“ಲಾಗ್ ಶೀಟಲ್ಲಿ ಏನಿದೆ? ಸ್ಟ್ಯಾಂಡರ್ಡ್ ಪ್ಯಾನ್. ಹ್ಯಾಂಡ್‌ರೈಟಿಂಗ್ ಯಾರದು?”

“ನನ್ನದು ಸರ್.”

“ಫೋರ್ಜರಿ ಅಂತಾರೆ ಇದಕ್ಕೆ. ಕಂಪನಿಯವರು ಮೂರು ಗುಂಡಿ ತೋಡ್ತಾರೆ, ಏನೂ ಸಿಗಲ್ಲ, ಮುಚ್ಚಿ ಹೋಗ್ತಾರೆ. ಗುಡ್ಡದಲ್ಲಿ ಹಂಗೇ ಆಗೋದು, ಒಂದ್ಕಡೆ ಸಿಗತ್ತೆ, ಇನ್ನೊಂದ್ಕಡೆ ಸಿಗಲ್ಲ. ಅಷ್ಟರಲ್ಲಿ ಪೇಪರ್ ಬಂದಿರತ್ತೆ. ಯಾರಿಗೆ ಏನು ನಷ್ಟ? ಓದ್ಕೋ ಹೋಗಮ್ಮಾ ಫಸ್ಟ್ ಇಯರ್.”

ಸುತ್ತಿಗೆಯನ್ನು ಈಗ ಟೇಬಲ್ಲಿನ ಮೇಲೆ ಪೇಪರ್‌ವೇಟ್ ಮಾಡಿಕೊಂಡಿದ್ದಾರೆ. ಕೊನೆಗೂ ಒಂದು ಕೆಲಸ ಸಿಕ್ಕಿತು ಅದಕ್ಕೆ.

ಜನವರಿ 9

ಯಾರಿಗೆ ಏನು ನಷ್ಟ. ಸರಿಯಾಗಿಯೇ ಹೇಳಿದರು.

ಜನವರಿ 10

ಯಾರಿಗೆ ಏನು ನಷ್ಟ ಎಂದು ಮೂರು ಸಲ ಬರೆದೆ. ಅಕ್ಷರ ನೆಟ್ಟಗೆ ಬರಲಿಲ್ಲ. ಹರಿದೆ.

ಜನವರಿ 12, ಭಾನುವಾರ

ಕೊಟ್ಟೂರು. ಮೌಲಾಸಾಬ್ ಅದೇ ಕಟ್ಟೆಯ ಮೇಲೆ ಅದೇ ಕೆಸರು ತೊಳೆಯುತ್ತ ಕೂತಿದ್ದರು. ಹೇಳಿದೆ. ಈ ಸಲ ನಗಲಿಲ್ಲ.

“ಮರದ ಬಿರುಕಿನ್ಯಾಗ ಕೂತಿರ್ತೈತವ್ವಾ, ನೀರಿಗಿ ಬರಂಗಿಲ್ಲ. ನಾವು ಮೆತ್ತಗ ತೊಳೀತೀವಿ. ನೀ ಹಳ್ಳದ ಮರಳು ಹಾಕಿ ತಿಕ್ಕಿದಿ. ಮರಳು ಮರಾನ ತುರೀತೈತಿ, ಒಳಗಿಂದು ಹೊರಗ ಬರ್ತೈತಿ. ಮರಿಗಿ ಒಡದ್ರ ನಮ್ಮ ಅಬ್ಬಾ ಅದನ್ನ ಸುಟ್ಟು ಬೂದಿ ಜಾಲಿಸ್ತಿದ್ರು, ಸುಮ್ನ ಅಲ್ಲ. ಆವತ್ತೇ ಹೇಳಾಕ ಬಂದೆ. ನೀ ಗೊತ್ತು ಗೊತ್ತು ಅಂದಿ.”

“ನಂದು ತಪ್ಪಾತ್ರಿ ಅಜ್ಜಾ.”

“ತಪ್ಪು ಬಿಡು. ಮುಂದೇನ್ ಮಾಡ್ತಿ?”

ಬಾಳೆಹಣ್ಣೊಂದನ್ನು ಕೈಗೆ ಕೊಟ್ಟರು. ಹಸಿವಿದ್ದದ್ದು ಅವರಿಗೆ ಹೇಗೆ ಗೊತ್ತಾಯಿತೋ. ಹಾಸ್ಟೆಲಿಗೆ ವಾಪಸ್ ಹೋಗುವ ಬಸ್ಸು ಮುಂದೆಯೇ ನಿಂತಿತ್ತು. ಉಚ್ಚಂಗಿದುರ್ಗದ ಕಡೆಯದನ್ನು ಹತ್ತಿದೆ. ಸುಮ್ಮನೆ, ಒಂದು ಟೆಸ್ಟ್ ಮಾಡಿ ನೋಡೋಣವೆಂದು. ಬೇರೆ ಏನಿಲ್ಲ.

ಜನವರಿ 13

ಕಡಲೆ ಹೂಬಿಟ್ಟಿದೆ. ಅದರ ನಡುವೆ ಕಂದಕದ ಗುರುತಿಗೆ ಕೆಂಪು ಬಟ್ಟೆ ಕಟ್ಟಿದ ಗೂಟಗಳು, ಮೂರು ಸಾಲು. ನಡುವಿನ ಸಾಲು ಹಳ್ಳಕ್ಕೂ ಹೊಲದ ಬಾವಿಗೂ ಮಧ್ಯೆ ಹಾದುಹೋಗುತ್ತದೆ.

ಅಂಜಿನಕ್ಕನ ಹತ್ತಿರ ರೊಟ್ಟಿಹಿಟ್ಟು ನಾದುವ ಸ್ಟೀಲಿನ ಪರಾತ ಇಸಿದುಕೊಂಡೆ. ಹನ್ನೆರಡನೇ ಸ್ಯಾಂಪಲ್ ತೆಗೆದ ಜಾಗದಲ್ಲೇ ಮರಳು ತುಂಬಿಕೊಂಡೆ. ನನ್ನ ಕೈ ಸರಿಯಿಲ್ಲವೆಂದು ಅವಳಿಗೇ ಕೊಟ್ಟೆ. ಏಳು ಸಲ ಜಾಲಿಸಿದಳು. ಏಳು ಸಲವೂ ಬರೀ ಕರಿಪುಡಿ. ಒಂದು ಹಳದಿ ಚುಕ್ಕೆ ಇಲ್ಲ.

“ಎಲ್ಲಿ ಹೋತವ್ವಾ ಬಂಗಾರ? ಊರಾಗ ಎಲ್ರೂ ನನ್ನ ಬಂಗಾರದಕ್ಕ ಅಂತಾರ. ನಮ್ಮನಿಯಾಂವ ಹೊಸಪೇಟಿಂದ ಬಂದು ಸಹಿ ಹಾಕಿ ಹೋಗ್ಯಾನ, ಹೊಲ ಅವನ ಹೆಸರಿಗೈತಿ. ನಾ ಬ್ಯಾಡ ಅಂದೆ. ಬಾವಿ ಸೆಲಿ ಹಳ್ಳದ ಕಡಿಂದ ಬರ್ತೈತಿ. ನಡುವ ಕಡದ್ರ ಸೆಲಿ ತಿರುಗಿ ಕೂಡಂಗಿಲ್ಲ. ಬ್ಯಾಸಗ್ಯಾಗ ಅರ್ಧ ಊರು ಇದೇ ನೀರು ಕುಡೀತೈತಿ. ಓದಿದಾಕಿ ನೀನು, ಹೇಳು. ಐತೋ ಇಲ್ಲೋ?”

“ಇಲ್ಲ” ಅಂದೆ. ಮರಿಗೆಯ ವಿಷಯ ಪೂರ್ತಿ ಹೇಳಿದೆ.

ಅಂಜಿನಕ್ಕ ಮೊದಲು ನಕ್ಕಳು. ಪರಾತ ಬಿಟ್ಟು ಬದುವಿನ ಮೇಲೆ ಕೂತು ನಕ್ಕಳು. “ಅಂದ್ರ ಕೊಟ್ಟೂರಿನ ಕಸ ನಮ್ಮ ಹಳ್ಳದಾಗ ತೊಳದು, ಬಂಗಾರ ಸಿಕ್ತು ಅಂದ್ರೇನು! ಎಷ್ಟು ಓದೀರಿ ಇಬ್ರೂ ಸೇರಿ?”

ನಾನೂ ನಕ್ಕೆ. ಆಗ ಅವಳು ನಿಲ್ಲಿಸಿದಳು.

“ಹಂಗಾರ ಗುರುವಾರ ಯಾಕ ಬರ್ತಾರ ಅವರು?”

ನಾನು ಪರಾತ ಎತ್ತಿಕೊಂಡು ಉಳಿದ ನೀರು ಚೆಲ್ಲಿದೆ.

“ನೀ ಅವರಿಗೆ ಹೇಳಿಲ್ಲೇನು?”

“ಸರ್‌ಗೆ ಹೇಳೀನಿ. ಅವರು ಸುಮ್ಮನಿರು ಅಂದ್ರು.”

“ನೀ ಸುಮ್ಮನಾದಿ.”

ಎದ್ದು ಹೋದಳು. ಸಾಯಂಕಾಲ ಊಟಕ್ಕೆ ಕರೆದಳು, ರೊಟ್ಟಿ ಹಾಕಿದಳು. ಬೈದಿದ್ದರೆ ಚೆನ್ನಾಗಿತ್ತು.

ಜನವರಿ 15, ಬುಧವಾರ

ನಿನ್ನೆಯೆಲ್ಲ ಮೇಡಂಗೆ ಫೋನ್ ಮಾಡಿದೆ. ಎತ್ತಲಿಲ್ಲ. ಹಬ್ಬ ಇರಬಹುದು, ಮೀಟಿಂಗ್ ಇರಬಹುದು. ಜಂಬುನಾಥ ಮಾತ್ರ ಒಂದೇ ರಿಂಗಿಗೆ ಎತ್ತಿ, “ನಿನ್ನ ಇಂಟರ್ನಲ್ಸ್ ನೆನಪಿರಲಿ” ಎಂದು ಇಟ್ಟ.

ಬೆಳಿಗ್ಗೆಯಿಂದ ಮೇಡಂಗೆ ಮೆಸೇಜ್ ಬರೆಯುತ್ತಿದ್ದೇನೆ. ಮೊದಲು ಇಂಗ್ಲಿಷಿನಲ್ಲಿ ಬರೆದೆ. ‘ವಿತ್ ಡ್ಯೂ ರೆಸ್ಪೆಕ್ಟ್ ಅಂಡ್ ಹಂಬಲ್ ಸಬ್ಮಿಷನ್’ ದಾಟಿ ಮರಿಗೆಯ ಹತ್ತಿರ ಬರುವಷ್ಟರಲ್ಲಿ ಆರು ಸಾಲು ಕಳೆದಿತ್ತು, ಆರರಲ್ಲೂ ನಾನು ಎಷ್ಟು ಬಡಪಾಯಿ ಎಂಬುದೇ ಇತ್ತು. ಥೂ. ಎರಡನೆಯದರಲ್ಲಿ ತಪ್ಪೆಲ್ಲ ಜಂಬುನಾಥನದು. ಓದುವುದಕ್ಕೆ ಬಹಳ ಚೆನ್ನಾಗಿತ್ತು. ಅದನ್ನೂ ಹೊಡೆದುಹಾಕಿದೆ. ಕಳಿಸಿದ್ದು ಇದು:

ಮೇಡಂ,

ನಾನು ಮೊದಲ ವರ್ಷದ ರಮಾ. ಕಾಗಿಹಳ್ಳದಲ್ಲಿ ಚಿನ್ನ ಇಲ್ಲ. ನವೆಂಬರ್ 17ರಂದು ಡಿಪಾರ್ಟ್‌ಮೆಂಟಿನ ಪ್ಯಾನ್ ನನ್ನಿಂದ ಒಡೆಯಿತು. ಹೇಳಲು ಹೆದರಿ, ಕೊಟ್ಟೂರಿನಲ್ಲಿ ಅಕ್ಕಸಾಲಿಗರ ಕಸ ತೊಳೆಯುವವರ ಮರದ ಮರಿಗೆ ತಂದು 12ರಿಂದ 19ರವರೆಗಿನ ಸ್ಯಾಂಪಲ್ ತೊಳೆದೆ. ಲಾಗ್ ಶೀಟಿನಲ್ಲಿ ಸುಳ್ಳು ಬರೆದೆ. ರಿಪೋರ್ಟಿನಲ್ಲಿರುವ ಚಿನ್ನ, ಬೆಳ್ಳಿ, ತಾಮ್ರ, ಕ್ಯಾಡ್ಮಿಯಂ ಒಡವೆಗಳದ್ದು, ಗುಡ್ಡದ್ದಲ್ಲ. ಮೊನ್ನೆ ಹನ್ನೆರಡನೇ ಜಾಗದ ಮರಳನ್ನು ಸ್ಟೀಲ್ ಪರಾತದಲ್ಲಿ ಏಳು ಸಲ ತೊಳೆದು ನೋಡಿದೆವು. ಏನೂ ಇಲ್ಲ. ತೊಳೆದವರು ಅಂಜಿನಕ್ಕ. ನವೆಂಬರಿನಲ್ಲಿಯೂ ಸರಿಯಾಗಿ ತೊಳೆಯುವುದನ್ನು ಹೇಳಿಕೊಟ್ಟವರು ಅವರೇ, ಅವರ ಹೆಸರು ಎಲ್ಲೂ ಬರೆದಿಲ್ಲ. ಜಂಬುನಾಥ ಸರ್‌ಗೆ ಎಂಟನೇ ತಾರೀಖು ಹೇಳಿದ್ದೇನೆ.

ನಾಳೆ ಬೆಳಿಗ್ಗೆ ಎಂಟಕ್ಕೆ ಜೆಸಿಬಿ ಬರುತ್ತದೆ. ನಡುವಿನ ಕಂದಕ ತೋಡಿದರೆ ಬೇಸಿಗೆಯಲ್ಲಿ ಅರ್ಧ ಊರು ನೀರು ಕುಡಿಯುವ ಬಾವಿಯ ಸೆಲೆ ಕಡಿಯುತ್ತದೆ, ಮತ್ತೆ ಮುಚ್ಚಿದರೂ ಅದು ಕೂಡುವುದಿಲ್ಲ. ಅದನ್ನು ನಿಲ್ಲಿಸಲು ನಿಮ್ಮ ಒಂದು ಫೋನ್ ಸಾಕು. ನನ್ನ ಮಾತು ಅವರು ಕೇಳುವುದಿಲ್ಲ. ನನ್ನ ಮಾರ್ಕ್ಸ್, ನನ್ನ ಸೀಟು ಏನು ಮಾಡಬೇಕೋ ಆಮೇಲೆ ಮಾಡಿ.

ಈ ಊರಿನಲ್ಲಿ ಸಿಗ್ನಲ್ ಸಿಗುವುದು ಬಾವಿಯ ಕಟ್ಟೆಯ ಮೇಲೆ ಮಾತ್ರ. ನಾನು ಅಲ್ಲೇ ಕೂತಿದ್ದೇನೆ, ಅಂಜಿನಕ್ಕನೂ ಪಕ್ಕದಲ್ಲಿ ಕೂತಿದ್ದಾರೆ. ದಯವಿಟ್ಟು ಬೇಗ ಉತ್ತರ ಕೊಡಿ.